ಧರೆಯ ಮೇಲೆ ಇಪ್ಪತ್ತೆರಡು ಗುಂಡಿ

ದ್ಯಾವಯ್ಯನಿಗೆ ಅಕ್ಷರ ಬರುತ್ತಿರಲಿಲ್ಲ, ನಕ್ಷೆ ಬರುತ್ತಿತ್ತು. ಹಾಳೆಯ ಮೇಲೆ ಎಳೆದ ಗೆರೆಗಳಲ್ಲಿ ಯಾವುದು ಗೋಡೆ, ಯಾವುದು ಬಾಗಿಲು, ಯಾವುದು ಸೂರಿನ ಅಂಚು ಎಂದು ಬೆರಳಿಟ್ಟು ಹೇಳುತ್ತಿದ್ದ. ಪಕ್ಕದಲ್ಲಿ ಏನಾದರೂ ಬರೆದಿದ್ದರೆ ಮಾತ್ರ ಇನ್ನೊಬ್ಬರ ಮುಖ ನೋಡುತ್ತಿದ್ದ. ಬೆಳಗೋಡಿನಿಂದ ಮೇಲಕ್ಕೆ ಹತ್ತಿದರೆ ಸಿಗುವ ನೆಲ್ಲಿಗುಡ್ಡದ ಕಾಲೊನಿಯಲ್ಲಿ ಅವನ ಮನೆ. ಹುಟ್ಟಿದ್ದು ಎಸ್ಟೇಟ್ ಲೈನಿನಲ್ಲಿ, ಕೂಲಿಯವರ ಸಾಲುಮನೆಯಲ್ಲಿ. ಹದಿನಾಲ್ಕನೆಯ ವಯಸ್ಸಿನಿಂದ ಹತ್ತು ವರ್ಷ ಕಾಫಿ ಗಿಡಗಳ ನಡುವೆ ಗುಂಡಿ ತೋಡಿದ, ಆಮೇಲೆ ಕಲ್ಲು ಕಟ್ಟುವುದನ್ನು ಕಲಿತು ಮೇಸ್ತ್ರಿಯಾದ. ಅವನ ಹೆಸರು ಬಂದದ್ದು ಎರಡನೆಯ ಕೆಲಸದಿಂದ. ಕೇಡು ಬಂದದ್ದು ಮೊದಲನೆಯದರಿಂದ.

ಕಾಫಿ ತೋಟದಲ್ಲಿ ತೋಡುವುದು ತೊಟ್ಟಿಲು ಗುಂಡಿ. ಇಳಿಜಾರಿಗೆ ಅಡ್ಡವಾಗಿ, ಗಿಡಗಿಡದ ನಡುವೆ, ತೊಟ್ಟಿಲಿನ ಆಕಾರಕ್ಕೆ ಮೊಣಕಾಲುದ್ದ ತೋಡುತ್ತಾರೆ. ಮೇಲಿನ ಸಾಲಿನ ಗುಂಡಿಯ ನೇರಕ್ಕೆ ಕೆಳಗಿನ ಸಾಲಿನ ಗುಂಡಿ ಬರಬಾರದು. ಒಂದರಿಂದ ತಪ್ಪಿಸಿಕೊಂಡ ನೀರು ಇನ್ನೊಂದಕ್ಕೆ ಬೀಳಬೇಕು. ಮಳೆ ನೀರು ಅದರಲ್ಲಿ ನಿಂತು ಇಂಗುತ್ತದೆ, ಕೊಚ್ಚಿ ಹೋಗುವ ಮೇಲ್ಮಣ್ಣು ಅಲ್ಲೇ ತಂಗುತ್ತದೆ. ಲೈನಿನಲ್ಲಿ ಬೆಳೆದವರಿಗೆ ಇದನ್ನು ಯಾರೂ ಕಾರಣ ಕೊಟ್ಟು ಕಲಿಸುವುದಿಲ್ಲ. ಮಣ್ಣು ಕಲಸಿದ ಕೆಂಪು ನೀರು ತೋಟದಿಂದ ರಸ್ತೆಗೆ ಇಳಿದರೆ ತೋಟದ ಲೆಕ್ಕ ಬರೆಯುವ ರೈಟರ್ ಬೈಯುತ್ತಾನೆ, ಅಷ್ಟೇ. ಹರಿದುಹೋಗುವ ನೀರೆಂದರೆ ಕೆಟ್ಟ ಕೆಲಸ ಎಂಬುದು ದ್ಯಾವಯ್ಯನ ಮೈಗೆ ಹತ್ತಿತ್ತು.

ಎರಡು ಸಾವಿರದ ಹದಿನೆಂಟರ ಆಗಸ್ಟಿನಲ್ಲಿ ನೆಲ್ಲಿಗುಡ್ಡದ ಮೇಲೆ ಹನ್ನೊಂದು ದಿನ ಮಳೆ ಬಿಡಲಿಲ್ಲ. ಎರಡು ಕಡೆ ಗುಡ್ಡ ಜಾರಿ ದಾರಿ ಮುಚ್ಚಿತು. ಕಾಲೊನಿಯ ನಲವತ್ತು ಜನ ಶಾಲೆಯ ಒಂದು ಕೋಣೆಯಲ್ಲಿ ಉಳಿದರು. ಮೂರನೆಯ ದಿನ ಗಾಳಿಗೆ ಮಾಡಿನ ಶೀಟು ಎದ್ದು ಹೋಯಿತು. ಅಕ್ಕಿ ಇತ್ತು, ಹಸಿವು ಕಾಡಲಿಲ್ಲ, ಕಾಡಿದ್ದು ಒದ್ದೆ. ಉಟ್ಟದ್ದು ಮೈಮೇಲೆಯೇ ಒಣಗಬೇಕು, ಒಣಗುವುದಿಲ್ಲ. ಒಂಬತ್ತನೆಯ ದಿನ ದ್ಯಾವಯ್ಯನ ಮುದಿ ತಾಯಿ ಎದೆ ಕಟ್ಟಿ ತೀರಿಕೊಂಡಳು. ಒಣ ಬಟ್ಟೆ ಒಂದೂ ಇಲ್ಲದೆ ಒದ್ದೆ ಸೀರೆಯಲ್ಲೇ ಅವಳನ್ನು ಮಣ್ಣು ಮಾಡಿದರು. ಅತ್ತೆಯ ಮೇಲೆ ದ್ಯಾವಯ್ಯನ ಹೆಂಡತಿ ಭೂತಮ್ಮನಿಗೆ ಅಂಥ ಪ್ರೀತಿಯೇನೂ ಇರಲಿಲ್ಲ. ಆದರೆ ಆ ಸೀರೆಯನ್ನು ಅವಳು ಮರೆಯಲಿಲ್ಲ.

ಮರುವರ್ಷ ಕಾಲೊನಿಗೆ ಒಂದು ಸಮುದಾಯ ಭವನ ಎಂದು ಮಂಜೂರಾಯಿತು. ಮದುವೆ, ಸಭೆ, ಲಸಿಕೆ ಎಲ್ಲಕ್ಕೂ ಅದೇ. ಮಳೆ ಮಿತಿ ಮೀರಿದರೆ ಊರಿಗೆ ಊರೇ ಹೋಗಿ ಇರಲಿಕ್ಕೂ ಅದೇ. ಹಾಸನದಿಂದ ಶೃತಿ ಎಂಬ ಹುಡುಗಿ ಬಂದಳು. ಕಟ್ಟಡ ವಿನ್ಯಾಸ ಓದಿದವಳು, ಇಪ್ಪತ್ತೇಳು ವಯಸ್ಸು, ಚೂಟಿ. ಮೊದಲ ನಕ್ಷೆಯನ್ನು ಮೇಜಿನ ಮೇಲೆ ಹರಡಿದಾಗ, ಅದನ್ನು ಕಟ್ಟಬೇಕಿದ್ದ ದ್ಯಾವಯ್ಯ ಗೆರೆಗಳ ಮೇಲೆ ಬೆರಳಾಡಿಸಿದ. ಅವನ ಬೆನ್ನ ಹಿಂದೆ ನಿಂತು ಇಣುಕಿದ ಭೂತಮ್ಮ ಅಂದಳು:

“ಪಡುವಣಕ್ಕೆ ಇಷ್ಟಗಲ ಕಿಟಕಿ ಮಡಗವ್ರಲ್ಲ, ಮಳೆ ನೋಡಾಕಾ, ಇಲ್ಲಾ ಮಳೇನ ಒಳಕ್ಕೆ ಕರ್ಯಾಕಾ?”

ಜನ ನಕ್ಕರು. ಶೃತಿಗೆ ಮುಖ ಕೆಂಪಾಯಿತು, ಆದರೆ ಸಿಟ್ಟಾಗಲಿಲ್ಲ. ಹಾಳೆಯನ್ನು ಮಗುಚಿ ಹಾಕಿ ಪೆನ್ಸಿಲು ಹಿಡಿದು, ಹಾಗಾದರೆ ಏನಿರಬೇಕು, ನೀವೇ ಹೇಳಿ ಎಂದು ಕೇಳಿದಳು.

“ಬಟ್ಟೆ ಒಣಗ್ಬೇಕು ಕಣವ್ವ,” ಅಂದಳು ಭೂತಮ್ಮ. “ಬಾಕಿದ್ದೆಲ್ಲ ಆಮೇಲೆ.”

ಮೂರು ದಿನ ಶೃತಿ ದ್ಯಾವಯ್ಯನ ಹಿಂದೆ ಗುಡ್ಡ ಸುತ್ತಿದಳು. ಅವನು ಕೋಲಿನಿಂದ ನೆಲದ ಮೇಲೆ ಗೀರುತ್ತಿದ್ದ, ಅವಳು ಅದನ್ನು ಹಾಳೆಗೆ ಇಳಿಸುತ್ತಿದ್ದಳು. ಗಾಳಿ ಪಡುವಣದಿಂದ ಬರುವುದರಿಂದ ಗುಡ್ಡಕ್ಕೆ ಬೆನ್ನು ಕೊಟ್ಟು ಕಟ್ಟಬೇಕು. ಆ ಕಡೆಗೆ ಕಿಟಕಿ ಇರಕೂಡದು. ಇರಚಲು ಒಳಗೆ ಹೊಡೆಯದಂತೆ ಸೂರು ಎರಡು ಮೊಳ ಮುಂದೆ ಚಾಚಿರಬೇಕು. ಪಾಯ ಕಲ್ಲಿನದು, ಸೊಂಟದೆತ್ತರ. ಬಾಗಿಲು ಎರಡು, ಒಂದಕ್ಕೊಂದು ಎದುರಾಗಿ ಅಲ್ಲ, ಬೇರೆ ಬೇರೆ ಮಗ್ಗುಲಿಗೆ. ಯಾಕೆ ಎಂದು ಅವಳು ಕೇಳಿದಾಗ, ಒಂದು ಬಾಗಿಲ ಮುಂದೆ ಆನೆ ನಿಂತರೆ ಜನ ಇನ್ನೊಂದರಿಂದ ಹೋಗಬೇಕಲ್ಲ ಎಂದ. ಅದೇ ಕಾರಣಕ್ಕೆ ಅಕ್ಕಿ ಮೂಟೆಯನ್ನು ಭವನದಲ್ಲಿ ಇಡಕೂಡದು, ಅಂಗಳದ ಹಲಸಿನ ಮರವೂ ಹೋಗಬೇಕು. ಒಳಗೆ ಗೋಡೆಯುದ್ದಕ್ಕೂ ಮಲಗಲು ಜಗಲಿ. ಹಿಂದೆ, ಗುಡ್ಡದ ಮರೆಯಲ್ಲಿ, ಒಲೆಯ ಮಗ್ಗುಲಿಗೆ ಒಂದು ಉದ್ದ ಕೋಣೆ. ಅದರ ತುಂಬ ಬಟ್ಟೆ ಹರವಲು ಬಿದಿರ ಗಳು, ಒಲೆಯ ಬಿಸಿ ಗೋಡೆ ಹಾಯ್ದು ಬರುವಂತೆ. ಅದು ಭೂತಮ್ಮನ ಕೋಣೆ ಎಂದೇ ನಕ್ಷೆಯಲ್ಲಿ ಬರೆದಳು ಶೃತಿ. ಓದಿ ಹೇಳಿದಾಗ ಭೂತಮ್ಮ, ನನ್ನ ಹೆಸರು ಸರ್ಕಾರದ ಕಾಗದದಲ್ಲಿ ರೇಷನ್ ಕಾರ್ಡು ಬಿಟ್ಟರೆ ಇದೇ ಮೊದಲ ಸಲ ಬಂದದ್ದು ಎಂದಳಂತೆ.

ಕಟ್ಟಡಕ್ಕೆ ಜಾಗ ಮಾಡಲು ಗುಡ್ಡದ ಬುಡವನ್ನು ಕಡಿಯಬೇಕಾಯಿತು. ಹಾಗೆ ಕಡಿದು ನಿಲ್ಲಿಸಿದ ಮಣ್ಣಿನ ಗೋಡೆಯೇ ಧರೆ. ಶೃತಿ ಅದನ್ನು ನೆಟ್ಟಗೆ ಕಡಿಯಲು ಬಿಡದೆ ಓರೆಯಾಗಿ ಇಳಿಸಿ, ಲಾವಂಚದ ಹುಲ್ಲು ನೆಡಿಸಿದಳು. ಧರೆಯ ನೆತ್ತಿಯಲ್ಲಿ ಕಲ್ಲು ಹಾಸಿದ ಒಂದು ಚರಂಡಿ ಬರೆದಳು, ಮೇಲಿಂದ ಬರುವ ನೀರನ್ನು ಬಳಸಿಕೊಂಡು ಹೋಗಿ ಹಳ್ಳಕ್ಕೆ ಬಿಡಲು. ಮೇಲಿನ ನೀರು ಇಲ್ಲಿ ಒಂದು ಹನಿಯೂ ನಿಲ್ಲಬಾರದು ಮೇಸ್ತ್ರಿ ಎಂದು ಒಮ್ಮೆ ಹೇಳಿದಳು. ದ್ಯಾವಯ್ಯ ತಲೆಯಾಡಿಸಿದ. ಯಾಕೆ ನಿಲ್ಲಬಾರದು ಎಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಇಬ್ಬರಿಗೂ ಬೇರೆ ಕೆಲಸವಿತ್ತು.

ಭವನ ಮುಗಿಯಿತು. ಶೃತಿಗೆ ದೂರದ ಜಿಲ್ಲೆಯಲ್ಲಿ ಕೆಲಸವಾಗಿ ಹೊರಟುಹೋದಳು. ಮೊದಲ ಮಳೆಗಾಲದಲ್ಲಿ ಚರಂಡಿ ಅವಳು ಬರೆದಂತೆಯೇ ತುಂಬಿ ಹರಿಯಿತು, ಕೆಂಪಗೆ, ಗುಡ್ಡದ ಮಣ್ಣನ್ನೆಲ್ಲ ಹೊತ್ತುಕೊಂಡು. ದ್ಯಾವಯ್ಯ ಸೂರಿನ ಕೆಳಗೆ ನಿಂತು ಅದನ್ನು ನೋಡುತ್ತಿದ್ದ. ತಾನು ಕಟ್ಟಿದ ಕಟ್ಟಡದ ಮಗ್ಗುಲಲ್ಲೇ ಇಂಥ ಕೆಟ್ಟ ಕೆಲಸ ನಡೆಯುವುದು ಅವನಿಗೆ ಸಹಿಸಲಾಗಲಿಲ್ಲ. ಮಳೆ ಕಳೆದು ಬೇಸಗೆ ಬಂದಾಗ ಗುದ್ದಲಿ ಹಿಡಿದು ಧರೆಯ ಮೇಲೆ ಹತ್ತಿ, ಚರಂಡಿಯಿಂದ ಮೇಲಕ್ಕೆ, ಮೂರು ಸಾಲಿನಲ್ಲಿ ಇಪ್ಪತ್ತೆರಡು ತೊಟ್ಟಿಲು ಗುಂಡಿ ತೋಡಿದ. ಯಾರೂ ಹೇಳಿರಲಿಲ್ಲ, ಕೂಲಿಯೂ ಇರಲಿಲ್ಲ. ಭವನಕ್ಕೆ ಅದು ತನ್ನದೊಂದು ಕಾಣಿಕೆ ಎಂದುಕೊಂಡ. ಶೃತಿಗೆ ತಿಳಿಸುವಂಥ ವಿಷಯ ಎಂದು ಅವನಿಗೆ ಅನ್ನಿಸಲೇ ಇಲ್ಲ.

ಮುಂದಿನ ಮಳೆಗೆ ಚರಂಡಿಯಲ್ಲಿ ನೀರು ಬೆರಳ ದಪ್ಪ ಬಂತು, ತಿಳಿಯಾಗಿ. ಏಪ್ರಿಲಿನಲ್ಲಿ ಬತ್ತುತ್ತಿದ್ದ ಕೆಳಗಿನ ಬಾವಿಯಲ್ಲಿ ಮರುಬೇಸಗೆಯ ಮೇ ತಿಂಗಳಿಗೂ ನೀರಿತ್ತು. ಜನ ದ್ಯಾವಯ್ಯನನ್ನು ಹೊಗಳಿದರು. ಎರಡು ಮಳೆಗಾಲ ಜನ ಭವನದಲ್ಲಿ ಉಳಿದರು, ಒಣ ಬಟ್ಟೆ ಉಟ್ಟುಕೊಂಡು ಮನೆಗೆ ಮರಳಿದರು. ಸುತ್ತಲಿನ ಊರುಗಳಿಂದ ನೋಡಲು ಬಂದರು. ಹಾಗೆ ಬಂದವರಲ್ಲಿ ಆಲೂರಿನ ಕಡೆಯ ಕೆಂಚನಕೊಪ್ಪಲಿನ ತೋಟಪ್ಪನವರು ಒಬ್ಬರು. ಊರಿನ ಹಿರಿಯರು, ಲಿಂಗಾಯತರು, ಜಮೀನು ಇದ್ದವರು. ಇಂಥದ್ದೇ ನಮ್ಮೂರಿಗೂ ಬೇಕು ಎಂದು ನಕ್ಷೆಯ ಪ್ರತಿ ತೆಗೆಸಿಕೊಂಡು, ಮೇಸ್ತ್ರಿಯನ್ನೂ ಕರೆಸಿಕೊಂಡರು. ದ್ಯಾವಯ್ಯ ಆರು ತಿಂಗಳು ಅಲ್ಲಿ ದುಡಿದ. ಅವನ ಅಪ್ಪ ಅಂಥ ಮನೆಗಳ ಅಂಗಳದಲ್ಲಿ ನಿಂತು ಮಾತಾಡಿ ಬಂದವನು. ದ್ಯಾವಯ್ಯನಿಗೆ ತೋಟಪ್ಪನವರ ಜಗಲಿಯ ಮೇಲೆ ಕುರ್ಚಿ ಹಾಕಿದರು. ಕಟ್ಟಡ ಮುಗಿದ ಮೇಲೆ ಅಲ್ಲಿನ ಧರೆಯ ನೆತ್ತಿಯಲ್ಲೂ ತಾನೇ ಸುಣ್ಣದ ಗುರುತು ಹಾಕಿ ಹದಿನೆಂಟು ಗುಂಡಿ ತೋಡಿಸಿ ಬಂದ.

ಎರಡು ಸಾವಿರದ ಇಪ್ಪತ್ತನಾಲ್ಕರ ಜುಲೈ. ಮಳೆ ಮತ್ತೆ ಹದಿನೆಂಟರ ಹಾಗೆ ಹಿಡಿಯಿತು. ಕಾಲೊನಿಯ ಮೂವತ್ತೆಂಟು ಜನ ಭವನಕ್ಕೆ ಬಂದರು. ಒಣಗಿಸುವ ಕೋಣೆಗೆ ಸೌದೆ ತರಲು ಧರೆಯ ಮೇಲೆ ಹೋಗಿ ಬಂದ ಭೂತಮ್ಮ, ಗಂಡನನ್ನು ಜನರಿಂದ ಈಚೆಗೆ ಕರೆದಳು.

“ಧರೆ ಬುಡ್ದಲ್ಲಿ ಕೆಂಪು ನೀರು ಒಸರ್ತೈತೆ. ಮ್ಯಾಲೆ ಗುಂಡಿ ಸಾಲಲ್ಲಿ ನೆಲ ಬಾಯಿ ಬುಟ್ಟೈತೆ, ನನ್ನ ಕೈ ಹೋಗ್ತದೆ. ಬಂದು ನೋಡು ಮಾರಾಯ.”

ದ್ಯಾವಯ್ಯ ಹೋಗಿ ನೋಡಿದ. ಬಿರುಕು ಇತ್ತು. ಎರಡು ಬುಟ್ಟಿ ಜೇಡಿಮಣ್ಣು ತಂದು ಅದಕ್ಕೆ ಮೆತ್ತಿದ. ಕೆಳಗೆ ಇಳಿದಾಗ ಭೂತಮ್ಮ ಅಲ್ಲೇ ನಿಂತಿದ್ದಳು. ಮಣ್ಣು ಮೆತ್ತಿದರೆ ಆಯಿತಾ ಎಂದು ಕೇಳಿದಳು.

“ನಲ್ವತ್ತು ವರ್ಷ ಕಲ್ಲು ಕಟ್ಟಿವ್ನಿ. ನಿನ್ನಿಂದ ಕಲೀಬೇಕಾ?”

“ಕಲೀಬ್ಯಾಡ. ಆ ಹುಡ್ಗಿಗೊಂದು ಫೋನ್ ಮಾಡು.”

“ಮಾಡಿ ಏನಂತ ಹೇಳ್ಲಿ? ನನ್ನೆಂಡ್ತಿ ಹೆದರ್ಕೊಂಡವ್ಳೆ ಅಂತಲಾ? ಬಾಯಿ ಮುಚ್ಕೊಂಡಿರು, ಜನ ಗಾಬ್ರಿ ಬೀಳ್ತಾರೆ.”

ಅವಳು ಬಾಯಿ ಮುಚ್ಚಿಕೊಂಡಳು. ಮದುವೆಯಾದಾಗಿನಿಂದ ಗಂಡನ ಕೆಲಸದ ಬಗ್ಗೆ ತಮಾಷೆ ಮಾಡಿದ್ದಳೇ ಹೊರತು, ಗಟ್ಟಿಯಾಗಿ ಎದುರಾಡಿದವಳಲ್ಲ. ಫೋನ್ ಮಾಡಿದರೆ ಗುಂಡಿಯ ವಿಷಯ ಹೇಳಬೇಕಾಗುತ್ತದೆ, ಆ ಹುಡುಗಿ ಏನನ್ನುತ್ತಾಳೋ ಎಂಬ ಸಣ್ಣ ಅಳುಕು ದ್ಯಾವಯ್ಯನೊಳಗೆ ಆ ಹೊತ್ತಿಗೆ ಇತ್ತು. ಇದನ್ನು ಅವನು ಆಮೇಲೆ ತನ್ನಲ್ಲೇ ಒಪ್ಪಿಕೊಂಡ.

ನಾಲ್ಕು ದಿನ ಕಳೆದ ಮೇಲೆ, ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ, ಧರೆ ಜಾರಿ ಬಂತು. ಲಾರಿ ಕಲ್ಲು ಸುರಿದಂಥ ಸದ್ದು ಎಂದು ಕೆಲವರು, ಸದ್ದೇ ಆಗಲಿಲ್ಲ ಎಂದು ಕೆಲವರು. ಒಂದು ಬಾಗಿಲು ಮಣ್ಣಿಗೆ ಮುಚ್ಚಿತು, ಇನ್ನೊಂದರಿಂದ ಜನ ಹೊರಗೆ ಓಡಿದರು. ಕಲ್ಲಿನ ಪಾಯ ಅಲುಗಲಿಲ್ಲ, ದೊಡ್ಡ ಕೋಣೆಯ ಗೋಡೆ ಬೀಳಲಿಲ್ಲ. ಹೋದದ್ದು ಹಿಂದಿನ ಉದ್ದ ಕೋಣೆ ಒಂದೇ. ಭೂತಮ್ಮ ಅದರೊಳಗೆ ಬಟ್ಟೆ ಮಗುಚಿ ಹಾಕುತ್ತಿದ್ದಳು. ಅವಳನ್ನು ತೆಗೆದದ್ದು ಮರುದಿನ ಬೆಳಿಗ್ಗೆ. ಜೊತೆಗೆ ಸಿಕ್ಕ ಬಟ್ಟೆಗಳನ್ನು ಒಗೆದು ಅವರವರಿಗೆ ಕೊಟ್ಟರು. ಕೆಲವರು ತೆಗೆದುಕೊಳ್ಳಲಿಲ್ಲ.

ಅಧಿಕಾರಿಗಳು ಬಂದು ನೋಡಿ, ಅತಿವೃಷ್ಟಿ ಎಂದು ಬರೆದುಕೊಂಡು ಹೋದರು. ಸುದ್ದಿ ತಿಳಿದು ಹದಿನೈದನೆಯ ದಿನ ಶೃತಿ ಬಂದಳು. ಕುಸಿದ ಧರೆಯ ಮುಂದೆ ನಿಂತು ಮೇಲಕ್ಕೆ ನೋಡಿದಳು. ಮಣ್ಣು ಕಿತ್ತುಹೋದ ಅಂಚಿನಲ್ಲಿ ನಾಲ್ಕು ಗುಂಡಿಗಳು ಅರ್ಧರ್ಧ ಉಳಿದಿದ್ದವು, ಒಡೆದ ಮಡಕೆಗಳ ಹಾಗೆ. ಅದು ಯಾರು ತೋಡಿದ್ದು ಎಂದು ಕೇಳಿದಳು. ನಾನೇ ಎಂದ ದ್ಯಾವಯ್ಯ. ಅವಳು ಒಂದು ಕಲ್ಲಿನ ಮೇಲೆ ಕೂತಳು. ಆಮೇಲೆ ಬೈಯದೆ, ಸಮಾಧಾನವನ್ನೂ ಮಾಡದೆ, ಬಿಡಿಸಿ ಹೇಳಿದಳು. ಕಾಫಿ ತೋಟದಲ್ಲಿ ಗುಡ್ಡದ ಬುಡ ಕಡಿದಿರುವುದಿಲ್ಲ, ಮರದ ಬೇರು ಹಿಡಿದಿರುತ್ತದೆ, ಇಂಗಿದ ನೀರಿಗೆ ಕೆಳಗಿಳಿಯಲು ದಾರಿ ಇರುತ್ತದೆ. ಇಲ್ಲಿ ಬುಡವನ್ನೇ ಕಡಿದಿದ್ದೇವೆ. ಗುಂಡಿಯಲ್ಲಿ ಇಂಗಿದ್ದೆಲ್ಲ ಧರೆಯ ಬೆನ್ನಿಗೆ ಬಂದು ನಿಂತು, ನೆನೆದು ಭಾರವಾದ ಮಣ್ಣನ್ನು ಮುಂದಕ್ಕೆ ನೂಕಿತು. ನಿಲ್ಲಬಾರದು ಎಂದು ಹೇಳಿದ್ದೆ, ಯಾಕೆಂದು ಹೇಳಲಿಲ್ಲ. ಅದು ನನ್ನ ತಪ್ಪು ಎಂದಳು. ದ್ಯಾವಯ್ಯನಿಗೆ ಒಂದೇ ಸಲಕ್ಕೆ ಅರ್ಥವಾಯಿತು. ಅರ್ಥವಾಗದಿದ್ದರೆ ಅವನಿಗೆ ಒಳ್ಳೆಯದಿತ್ತು.

ಬೇರೆ ಎಲ್ಲಾದರೂ ತೋಡಿದ್ದೀರಾ ಎಂದು ಅವಳು ಕೇಳಿದಳು. ಕೆಂಚನಕೊಪ್ಪಲು ಎಂದ. ಆ ಮಳೆಯಲ್ಲಿ ಅಲ್ಲಿನ ಧರೆ ನಿಂತಿತ್ತು. ಇನ್ನೊಂದು ಅಂಥದ್ದೇ ಮಳೆ ಬಂದರೆ ನಿಲ್ಲುತ್ತದೆಂದು ಹೇಳಲಾರೆ, ಬರುವ ಜೂನಿನೊಳಗೆ ಅವನ್ನು ಮುಚ್ಚಿಸಬೇಕು, ನಾನೂ ಕಾಗದ ಬರೆಯುತ್ತೇನೆ ಎಂದು ಹೇಳಿ ಹೋದಳು.

ದ್ಯಾವಯ್ಯನಿಗೆ ಉಳಿದಿದ್ದವಳು ಮಗಳೊಬ್ಬಳು. ಸುಚಿತ್ರಾ, ಬಾಳ್ಳುಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಗಂಡ ಲಾರಿ ಓಡಿಸುತ್ತಿದ್ದ. ತಾಯಿ ಹೋದ ಮೇಲೆ ಒಂದು ಭಾನುವಾರವೂ ತಪ್ಪಿಸದೆ ಬಸ್ಸು ಹತ್ತಿ ಬರುತ್ತಿದ್ದಳು. ಅಪ್ಪನಿಗೆ ವಾರಕ್ಕಾಗುವಷ್ಟು ರೊಟ್ಟಿ ಸುಟ್ಟಿಟ್ಟು, ಬಟ್ಟೆ ಒಗೆದು, ಸಂಜೆ ಹೋಗುತ್ತಿದ್ದಳು. ಗುಂಡಿಯ ಸಂಗತಿಯನ್ನು ಅವನು ಅವಳಿಗೆ ಹೇಳಿದ್ದ. ನೀನು ಒಳ್ಳೇದಕ್ಕೆ ಮಾಡಿದ್ದು, ಮೂವತ್ತೇಳು ಜನ ನಿನ್ನ ಬಾಗಿಲಿಂದಲೇ ಉಳಿದರಲ್ಲ ಎಂದಿದ್ದಳು ಅವಳು. ಭೂತಮ್ಮ ನಾಲ್ಕು ದಿನ ಮುಂಚೆ ಬಿರುಕು ತೋರಿಸಿದ್ದನ್ನು ಮಾತ್ರ ಅವನು ಹೇಳಲಿಲ್ಲ. ಅದನ್ನು ಯಾರಿಗೂ ಹೇಳಿರಲಿಲ್ಲ, ಶೃತಿಗೂ. ಗೊತ್ತಿದ್ದವಳು ಒಬ್ಬಳು, ಅವಳು ಇರಲಿಲ್ಲ. ಗೊತ್ತಿಲ್ಲದೆ ಮಾಡಿದ ತಪ್ಪಿಗೆ ಮಗಳು ಕ್ಷಮಿಸಿದ್ದಳು. ಗೊತ್ತಾದ ಮೇಲೂ ಕೇಳಲಿಲ್ಲ ಎಂದರೆ ಕ್ಷಮಿಸುವವಳಲ್ಲ. ತಾಯಿಯ ಮಗಳು ಅವಳು, ಮಾತು ಕಡಿಮೆ, ನೆನಪು ಜಾಸ್ತಿ.

ಮಳೆ ಮುಗಿದು ಸುಗ್ಗಿ ಕಳೆದ ಮೇಲೆ, ಫೆಬ್ರವರಿಯಲ್ಲಿ, ದ್ಯಾವಯ್ಯ ಕೆಂಚನಕೊಪ್ಪಲಿಗೆ ಹೋದ. ತೋಟಪ್ಪನವರು ಕುರ್ಚಿ ಹಾಕಿಸಿದರು. ಇವನು ಗುಂಡಿ ಮುಚ್ಚಬೇಕೆಂದ. ಅವರು ಇವನ ಮುಖವನ್ನೇ ನೋಡಿದರು.

“ನೋಡು ದ್ಯಾವಯ್ಯ, ಹೆಂಡ್ತಿ ಹೋದ ಸಂಕ್ಟ ಯಾರನ್ನಾದ್ರೂ ಹಿಂಗೇ ಆಡಿಸ್ತದೆ. ಮಳೆ ಮಾಡಿದ್ದನ್ನ ನಿನ್ನ ತಲೆ ಮ್ಯಾಲೆ ಯಾಕೆ ಹೊತ್ಕೊಂತೀಯ? ಮೊದ್ಲು ಕಾಫಿ ಕುಡಿ.”

ಶೃತಿಯ ಕಾಗದವೂ ಅವರಿಗೆ ತಲುಪಿತ್ತು. ಕಚೇರಿಯವರು ಇವತ್ತು ತೋಡಿ ಅನ್ನುತ್ತಾರೆ, ನಾಳೆ ಮುಚ್ಚಿ ಅನ್ನುತ್ತಾರೆ ಎಂದು ಮಡಿಸಿ ಇಟ್ಟಿದ್ದರು. ಗುಂಡಿ ಬಂದ ಮೇಲೆ ಅವರ ಊರಿನ ಬಾವಿಯಲ್ಲೂ ಬೇಸಗೆಗೆ ನೀರು ನಿಂತಿತ್ತು. ಕಣ್ಣಿಗೆ ಕಾಣುವ ನೀರನ್ನು ಬಿಟ್ಟು, ಕಾಣದ ನೀರಿಗೆ ಹೆದರಿ ಎಂದರೆ ಯಾರು ಹೆದರುತ್ತಾರೆ? ದ್ಯಾವಯ್ಯ ಏಪ್ರಿಲಿನಲ್ಲಿ ಎರಡನೆಯ ಸಲ ಹೋದ. ಬೇರು, ಬುಡ, ಧರೆಯ ಬೆನ್ನಿನ ನೀರು ಎಂದು ಶೃತಿ ಹೇಳಿದ್ದನ್ನೆಲ್ಲ ಒಪ್ಪಿಸಿದ. ಜನ ತಾಳ್ಮೆಯಿಂದ ಕೇಳಿದರು, ಮರುಕದಿಂದ ತಲೆಯಾಡಿಸಿದರು. ತೋಟಪ್ಪನವರ ಹೆಂಡತಿ ಸುಲೋಚನಮ್ಮ ಹೊಟ್ಟೆ ತುಂಬ ಊಟಕ್ಕಿಟ್ಟರು. ಅವನನ್ನು ಯಾರಾದರೂ ಬೈದಿದ್ದರೆ ಮಾತಿಗೆ ಮಾತು ಬೆಳೆಯುತ್ತಿತ್ತು, ಮಾತಿನಿಂದ ಏನಾದರೂ ಹುಟ್ಟುತ್ತಿತ್ತು. ಕರುಣೆಯ ಎದುರು ಏನೂ ಹುಟ್ಟಲಿಲ್ಲ.

ಮೇ ತಿಂಗಳ ಮೂರನೆಯ ವಾರ ಮಳೆ ಬೇಗನೆ ಶುರುವಾಗುವ ಲಕ್ಷಣ ಕಂಡಿತು. ದಿನಾ ಸಂಜೆ ಗುಡುಗು. ಇನ್ನು ಹೇಳಲು ತನ್ನ ಹತ್ತಿರ ಉಳಿದಿರುವುದು ಒಂದೇ ಮಾತು ಎಂದು ದ್ಯಾವಯ್ಯನಿಗೆ ಗೊತ್ತಿತ್ತು. ಅದನ್ನು ಹೇಳಿದರೆ ಕೆಂಚನಕೊಪ್ಪಲಿನವರು ನಂಬಬಹುದು. ಹೇಳಿದ ಮಾತು ಅಲ್ಲಿಂದ ಬಾಳ್ಳುಪೇಟೆಗೆ ಬರಲು ಒಂದು ಬಸ್ಸು ಸಾಕು. ಹಾಗಾಗಿ ಮೊದಲು ಮಗಳಿಗೇ ಹೇಳಬೇಕೆಂದು ನಿಶ್ಚಯಿಸಿ, ಕೆಂಚನಕೊಪ್ಪಲಿಗೆ ಹೋಗುವ ದಾರಿಯಲ್ಲಿ ಬಾಳ್ಳುಪೇಟೆಯಲ್ಲಿ ಇಳಿದ.

ಸುಚಿತ್ರಾ ಅಂಗಡಿಯಲ್ಲಿ ರವಿಕೆ ಹೊಲಿಯುತ್ತಿದ್ದಳು. ಅಪ್ಪನನ್ನು ಕಂಡು ಮಿಷನ್ನು ನಿಲ್ಲಿಸಿ, ಒಳಗೆ ಕೂರಿಸಿ ಮುದ್ದೆ ಬಡಿಸಿದಳು. ಸೊರಗಿದ್ದೀಯ, ಬಿಸಿಲಲ್ಲಿ ಯಾಕೆ ಅಲೆಯುತ್ತೀಯ ಎಂದು ಗದರಿದಳು. ಅಮ್ಮ ಇದ್ದಿದ್ದರೆ ಹೀಗೆ ಬಿಡುತ್ತಿದ್ದಳಾ ಎಂದಳು. ದ್ಯಾವಯ್ಯ ಉಂಡು ಕೈ ತೊಳೆದ. ಬಾಯಿ ತೆರೆದ. ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಎದ್ದುಬಂದ.

ಇದು ಅವನ ಮೂರನೆಯ ತಪ್ಪು. ಗುಂಡಿ ತೋಡಿದ ಮೊದಲನೆಯದಕ್ಕೆ ತಿಳಿವಳಿಕೆ ಸಾಲದೆಂಬ ನೆಪವಾದರೂ ಇತ್ತು.

ಕೆಂಚನಕೊಪ್ಪಲಿನಲ್ಲಿ ತೋಟಪ್ಪನವರ ಮನೆಯ ಜಗಲಿಯ ಮೇಲೆ ಆ ದಿನ ಹತ್ತು ಹನ್ನೆರಡು ಜನ ಇದ್ದರು. ಮತ್ತೆ ಬಂದ ನೋಡಿ ಎಂಬ ಮುಖ ಎಲ್ಲರದೂ. ಅವನು ಕೂರಲಿಲ್ಲ.

“ನಿಮ್ಗೆ ಒಂದು ಮಾತು ಹೇಳಿರ್ಲಿಲ್ಲ,” ಅಂದ. “ನನ್ ಹೆಂಡ್ತಿ ನಾಕು ದಿನ ಮುಂಚೇನೆ ಹೇಳಿದ್ಲು. ಧರೆ ಬುಡ್ದಲ್ಲಿ ಕೆಂಪು ನೀರು ಬತ್ತೈತೆ, ಮ್ಯಾಲೆ ನೆಲ ಬಾಯಿ ಬುಟ್ಟೈತೆ ಅಂದ್ಲು. ನಾನು ಹೋಗಿ ನೋಡ್ದೆ. ಮಣ್ಣು ಮೆತ್ತಿ, ಬಾಯಿ ಮುಚ್ಕೊಂಡಿರು ಅಂದೆ. ನಾನು ತೋಡಿದ್ ಗುಂಡಿ ಅಂತ ನಂಗೆ ಜಂಬ. ಮಳೆ ಅಲ್ಲ ಕಣ್ರೀ, ದೇವ್ರೂ ಅಲ್ಲ. ಅವ್ಳು ಹೇಳಿದ್ಲು, ನಾನು ಕೇಳ್ಲಿಲ್ಲ.”

ತೋಟಪ್ಪನವರು ನೆಲ ನೋಡಿದರು. ಒಳಗಿನಿಂದ ಬಾಗಿಲಿಗೆ ಬಂದು ನಿಂತಿದ್ದ ಸುಲೋಚನಮ್ಮ ಕೇಳಿದರು:

“ಕೆಂಪು ನೀರು ಅಂದ್ಯಲ್ಲ, ಜೋರಾಗಿ ಬತ್ತಿತ್ತಾ?”

“ಇಲ್ಲ ಕಣಮ್ಮ. ಒಸರ್ತಿತ್ತು. ಒಗ್ದ ಬಟ್ಟೆ ನೇತಾಕಿದ್ರೆ ತೊಟ್ಟಿಕ್ತದಲ್ಲ, ಹಂಗೆ.”

ಆಕೆ ಗಂಡನ ಕಡೆ ತಿರುಗಿದರು. “ಹೋದ್ ಮಳೇಲಿ ನಾನು ಹೇಳ್ಲಿಲ್ವಾ ನಿಮ್ಗೆ, ಭವನದ ಹಿಂದೆ ಕೆಂಪು ನೀರು ಇಳೀತೈತೆ ಅಂತ? ಹೊಸ ಮಣ್ಣು, ಹಂಗೇ ಇರ್ತದೆ, ನಿಂಗೇನು ಗೊತ್ತು ಅಂದ್ರಿ.”

ತೋಟಪ್ಪನವರು ಎದ್ದು ಒಳಗೆ ಹೋಗಿ ಗುದ್ದಲಿ ತಂದರು. ಎಪ್ಪತ್ತರ ಮನುಷ್ಯ, ಬೇರೆಯವರಿಗೆ ಹೇಳಿ ಮಾಡಿಸುವವರು, ತಾವೇ ಧರೆ ಹತ್ತಿದರು. ಎರಡು ದಿನದಲ್ಲಿ ಹದಿನೆಂಟು ಗುಂಡಿಗಳೂ ಮುಚ್ಚಿದವು. ಗಟ್ಟಿಸಿ ತುಂಬುವುದನ್ನು ದ್ಯಾವಯ್ಯ ನಿಂತು ಹೇಳಿಕೊಟ್ಟ, ಹೂಳು ತುಂಬಿದ್ದ ಚರಂಡಿಯನ್ನು ತಾನೇ ಬಿಡಿಸಿದ. ಜನ ಅವನ ಮಾತಿನಂತೆ ಮಾಡಿದರು, ಆದರೆ ಅವನ ಜೊತೆ ಮಾತಾಡಲಿಲ್ಲ. ಊಟಕ್ಕೆ ಎಲೆ ಹಾಕಿದರು. ಬಡಿಸಿದ ಹೆಂಗಸು ಅವನ ಮುಖ ನೋಡಲಿಲ್ಲ. ಕರುಣೆ ಮುಗಿದಿತ್ತು. ಅದು ಅವನಿಗೆ ಹಗುರವೆನಿಸಿತು.

ಸುಚಿತ್ರಾ ಬಂದದ್ದು ಭಾನುವಾರವಲ್ಲ, ಬುಧವಾರ. ರವಿಕೆ ಹೊಲಿಸಲು ಬಂದ ಆಲೂರಿನ ಹೆಂಗಸೊಬ್ಬಳು, ನಿಮ್ಮಪ್ಪನೇ ಅಲ್ವಾ ಎಂದು ಮಾತು ತೆಗೆದಿದ್ದಳು. ಸುಚಿತ್ರಾ ಒಳಗೆ ಬರಲಿಲ್ಲ. ಹೊಸಲಿನ ಆಚೆ ನಿಂತು ಕೇಳಿದಳು.

“ಅವ್ವ ಹೇಳಿದ್ಲಾ?”

“ಹೇಳಿದ್ಲು.”

“ಎಷ್ಟು ದಿನ ಮುಂಚೆ?”

“ನಾಕು ದಿನ.”

ಅವಳು ಅಳಲಿಲ್ಲ. ಅಮ್ಮ ಹೇಗೆ ಹೇಳಿದಳು, ಯಾವ ಮಾತಿನಲ್ಲಿ ಹೇಳಿದಳು ಎಂದು ವಿಚಾರಿಸಿದಳು. ದ್ಯಾವಯ್ಯ ಒಂದನ್ನೂ ಬಿಡದೆ ಹೇಳಿದ. ಬಾಯಿ ಮುಚ್ಚಿಕೊಂಡಿರು ಎಂದದ್ದನ್ನೂ ಹೇಳಿದ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

“ಹತ್ತು ತಿಂಗ್ಳು ವಾರವಾರ ಬಂದು ನಿನ್ ಮುಂದೆ ಕೂತಿದ್ದೆ ಅಪ್ಪ. ಮೊನ್ನೆ ನನ್ನ ಮನೇಲೇ ಉಂಡು ಹೋದೆ. ಕಂಡೋರ ಊರಲ್ಲಿ ಹೇಳ್ದೆ, ನಂಗೆ ಹೇಳ್ಲಿಲ್ಲ.”

“ಬಾಯಿ ಬರ್ಲಿಲ್ಲ ಮಗ.”

“ಅವ್ವಂಗೂ ಬಾಯಿ ಬಿಡಾಕೆ ಬಿಡ್ಲಿಲ್ಲ ನೀನು.”

ಅಷ್ಟು ಹೇಳಿ ಹೋದಳು. ಅವನು ಹಿಂದೆ ಹೋಗಲಿಲ್ಲ. ಹೋಗಿ ಏನು ಹೇಳುವುದು, ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಇಳಿಜಾರು ದಾರಿಯಲ್ಲಿ ಅವಳು ತಾಯಿಯ ಹಾಗೆಯೇ ಕಾಲು ಹೊರಳಿಸಿ ನಡೆಯುತ್ತಾಳೆಂಬುದು ಆ ದಿನ ಮೊದಲ ಸಲ ಅವನ ಕಣ್ಣಿಗೆ ಬಿತ್ತು.

ಆ ವರ್ಷದ ಮಳೆಯಲ್ಲಿ ಕೆಂಚನಕೊಪ್ಪಲಿನ ಧರೆ ನಿಂತಿತು. ಗುಂಡಿ ಮುಚ್ಚದಿದ್ದರೂ ನಿಲ್ಲುತ್ತಿತ್ತೋ ಏನೋ, ಯಾರೂ ಹೇಳಲಾರರು. ನಡೆಯದೆ ಹೋದ ಕೇಡಿಗೆ ಸಾಕ್ಷಿ ಇರುವುದಿಲ್ಲ, ಅದರಿಂದ ಯಾರಿಗೂ ಹೆಸರೂ ಬರುವುದಿಲ್ಲ. ದ್ಯಾ‌ವಯ್ಯನನ್ನು ಈಗ ಕಟ್ಟಡಕ್ಕೆ ಯಾರೂ ಕರೆಯುವುದಿಲ್ಲ. ಹೆಂಡತಿ ಹೇಳಿದ್ದನ್ನು ಕೇಳದ ಮೇಸ್ತ್ರಿ ಎಂದು ಬೆಳಗೋಡಿನ ಬಸ್ಸಿನಲ್ಲಿ ಗುರುತು ಹೇಳುತ್ತಾರೆ. ಶೃತಿ ಒಮ್ಮೆ ಫೋನ್ ಮಾಡಿ, ನೆಲ್ಲಿಗುಡ್ಡದ ಭವನವನ್ನು ಗುಡ್ಡದಿಂದ ದೂರ ಇನ್ನೊಂದು ಜಾಗದಲ್ಲಿ ಕಟ್ಟುವ ಮಾತು ನಡೆದಿದೆ, ನಕ್ಷೆ ಮಾಡುವಾಗ ನೀವು ಜೊತೆಗಿರಬೇಕು ಎಂದಳು. ನನ್ನ ಬದಲು ಕಾಲೊನಿಯ ಹೆಂಗಸರನ್ನು ಕೂರಿಸಿಕೊಂಡು ಕೇಳಿ, ಅವರು ಹೇಳಿದ್ದನ್ನು ಬರೆದುಕೊಳ್ಳಿ ಎಂದ. ಅವಳು ಹಾಗೆಯೇ ಮಾಡಿದಳೆಂದು ಕೇಳಿದ್ದೇನೆ.

ಭಾನುವಾರ ಹತ್ತು ಗಂಟೆಗೆ ದ್ಯಾವಯ್ಯ ಮಗಳಿಗೆ ಫೋನ್ ಮಾಡುತ್ತಾನೆ. ಅಳಿಯ ಮನೆಯಲ್ಲಿದ್ದರೆ ಅವನು ಎತ್ತುತ್ತಾನೆ. ಕೆಲಸದಲ್ಲಿ ಅವ್ಳೆ ಮಾವ, ಊಟ ಆಯ್ತಾ ಎನ್ನುತ್ತಾನೆ. ಹಿಂದೆ ಮಿಷನ್ನಿನ ಸದ್ದು ಕೇಳುತ್ತದೆ. ಆಯ್ತು ಕಣಪ್ಪ ಎಂದು ದ್ಯಾವಯ್ಯ ಹೇಳುತ್ತಾನೆ. ಆಮೇಲೂ ಸ್ವಲ್ಪ ಹೊತ್ತು ಫೋನನ್ನು ಕಿವಿಯಿಂದ ತೆಗೆಯುವುದಿಲ್ಲ. ಅಳಿಯ ಲಾರಿಯೊಡನೆ ದಾರಿಯ ಮೇಲಿದ್ದ ದಿನ ಫೋನು ಕೊನೆಯವರೆಗೂ ಹೊಡೆದುಕೊಂಡು ತಾನಾಗಿಯೇ ನಿಲ್ಲುತ್ತದೆ.